ಮೊದಲು ಹೆಡರ್ ನೋಡಿ, ಸ್ಪ್ಯಾಮ್ ಬಟನ್ ಆಮೇಲೆ

ಕಚೇರಿಗಳ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಪದೇ ಪದೇ ಕೇಳುವ ಮಾತೊಂದಿದೆ: ‘ಸರ್, ಅನುಮಾನದ ಮೇಲ್ ಬಂದಿತ್ತು, ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿದೀನಿ. ಅದು ನಿಜವಾಗ್ಲೂ ಎಲ್ಲಿಂದ ಬಂತು ಅಂತ ಈಗ ನೋಡೋಕಾಗುತ್ತಾ?’ ಆಗುತ್ತೆ. ಆದರೆ ಕ್ರಮ ಉಲ್ಟಾ ಆಯಿತು. ರಿಪೋರ್ಟ್ ಒತ್ತಿದರೆ ಮಾತ್ರ ಮೇಲ್‌ನ ಒಳಗಿನ ವಿವರ ಸಿಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಇನ್ನು ಕೆಲವರು ಹೆಡರ್ ತೆರೆದರೆ ಎಲ್ಲೋ ದೂರು ದಾಖಲಾಗುತ್ತದೆ, ಕಳಿಸಿದವರಿಗೆ ಗೊತ್ತಾಗುತ್ತದೆ ಎಂದು ಹೆದರುತ್ತಾರೆ. ಎರಡೂ ತಪ್ಪು.

ಹೆಡರ್ ಎಂದರೆ ಈಗಾಗಲೇ ನಿಮ್ಮ ಇನ್‌ಬಾಕ್ಸ್‌ಗೆ ಬಂದು ಬಿದ್ದಿರುವ ಮೇಲ್‌ನ ಮೇಲ್ಭಾಗ. ಆ್ಯಪ್‌ಗಳು ಅದರಲ್ಲಿ ಹೆಸರು, ವಿಷಯ, ದಿನಾಂಕ ಮಾತ್ರ ತೋರಿಸಿ ಉಳಿದದ್ದನ್ನು ಮುಚ್ಚಿಡುತ್ತವೆ. ಅದನ್ನು ತೆರೆದು ಓದಿದರೆ ಯಾರಿಗೂ ಏನೂ ಹೋಗುವುದಿಲ್ಲ. ಬರೀ ಅಕ್ಷರಗಳಾಗಿ ಕಾಣುವುದರಿಂದ ಅಲ್ಲಿ ಚಿತ್ರಗಳೂ ಲೋಡ್ ಆಗುವುದಿಲ್ಲ.

ಸ್ಪ್ಯಾಮ್ ಬಟನ್ ಹಾಗಲ್ಲ. ಜಿಮೇಲ್‌ನಲ್ಲಿ ಅದನ್ನು ಒತ್ತಿದರೆ ಮೇಲ್‌ನ ಒಂದು ಪ್ರತಿ ಗೂಗಲ್‌ಗೆ ಹೋಗುತ್ತದೆ. ಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಸರಿಯುತ್ತದೆ. 30 ದಿನ ಕಳೆದರೆ ತಾನಾಗಿ ಅಳಿಸಿಹೋಗುತ್ತದೆ. ನಾಳೆ ಪೊಲೀಸರಿಗೋ ಬ್ಯಾಂಕಿಗೋ ತೋರಿಸಬೇಕಾದ ಸಾಕ್ಷಿ ಅದೇ ಆಗಿದ್ದರೆ? ಯಾಹೂ, ಔಟ್‌ಲುಕ್ ಡಾಟ್ ಕಾಮ್ ಕಡೆ ಇನ್ನೊಂದು ಸಂಗತಿ ಇದೆ. ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರು ಮೊದಲೇ ನೋಂದಾಯಿಸಿಕೊಂಡಿದ್ದರೆ, ‘ನಿಮ್ಮ ಈ ಮೇಲ್ ಮೇಲೆ ದೂರು ಬಂದಿದೆ’ ಎಂಬ ವರದಿ ಅವರಿಗೆ ಹೋಗುತ್ತದೆ. ಅಂದರೆ ಸ್ಪ್ಯಾಮ್ ಬಟನ್ ಒತ್ತುವುದು ಒಂದು ಆರೋಪ. ಪರೀಕ್ಷೆ ಮಾಡದೆ ಆರೋಪ ಏಕೆ?

ಅದರ ಪೆಟ್ಟು ಸಣ್ಣವರಿಗೆ ಜಾಸ್ತಿ. ಫೆಬ್ರವರಿ 2024ರಿಂದ ಗೂಗಲ್ ಮತ್ತು ಯಾಹೂ ಮೇಲ್ ಕಳಿಸುವವರ ಮೇಲೆ ಬಿಗಿ ನಿಯಮ ತಂದಿವೆ. ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3 ಮುಟ್ಟಬಾರದು ಎನ್ನುವುದು ಅದರಲ್ಲೊಂದು. ಸಾವಿರ ಸದಸ್ಯರಿಗೆ ವಾರ್ಷಿಕ ಸಭೆಯ ನೋಟಿಸ್ ಕಳಿಸುವ ಸಹಕಾರ ಸಂಘಕ್ಕೆ ಅದು ಬರೀ ಮೂರು ಜನರ ಬೆರಳು. ನೀವೇ ಸೇರಿಕೊಂಡ ಪಟ್ಟಿಯಿಂದ ಬರುವ ಮೇಲ್ ಬೇಡವೆಂದರೆ ಹೊರಬರುವ ದಾರಿ ಬೇರೆ ಇದೆ. ಹೆಡರ್‌ನಲ್ಲಿ ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಎಂಬ ಸಾಲು ಹುಡುಕಿ. ಜಿಮೇಲ್ ಕಳಿಸಿದವರ ಹೆಸರಿನ ಪಕ್ಕ ತೋರಿಸುವ ‘ಅನ್‌ಸಬ್‌ಸ್ಕ್ರೈಬ್’ ಲಿಂಕ್ ಆ ಸಾಲಿನಿಂದಲೇ ಬರುವುದು.

ಸರಿ, ಹೆಡರ್ ನೋಡುವುದು ಎಲ್ಲಿ? ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಅದೇ ಪಟ್ಟಿಯಲ್ಲಿ ‘ರಿಪೋರ್ಟ್ ಸ್ಪ್ಯಾಮ್’, ‘ರಿಪೋರ್ಟ್ ಫಿಶಿಂಗ್’ ಕೂಡ ಇರುತ್ತವೆ. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಪೂರ್ತಿ ಹೆಡರ್ ಸಿಗುವುದಿಲ್ಲ, ಕಂಪ್ಯೂಟರೇ ಬೇಕು. ಯಾಹೂದಲ್ಲಿ ಮೂರು ಚುಕ್ಕಿಯ ಕೆಳಗೆ ‘ವ್ಯೂ ರಾ ಮೆಸೇಜ್’ ಇದೆ. ವೆಬ್ ಔಟ್‌ಲುಕ್‌ನಲ್ಲಿ ಮೂರು ಚುಕ್ಕಿ, ನಂತರ ‘ವ್ಯೂ’. ಕಚೇರಿಗಳಲ್ಲಿ ಇನ್ನೂ ಇರುವ ಹಳೆಯ ಔಟ್‌ಲುಕ್‌ನಲ್ಲಿ ಮೇಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆಯಬೇಕು. ಆಮೇಲೆ ಫೈಲ್, ಪ್ರಾಪರ್ಟೀಸ್. ಅಲ್ಲಿ ತಳದಲ್ಲಿ ಪುಟ್ಟ ಡಬ್ಬಿಯಲ್ಲಿ ಹೆಡರ್ ತುರುಕಿರುತ್ತಾರೆ. ಅದನ್ನು ಅಲ್ಲೇ ಓದುವ ಸಾಹಸ ಬೇಡ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಥಂಡರ್‌ಬರ್ಡ್ ಬಳಸುವವರಿಗೆ ಕಂಟ್ರೋಲ್ ಮತ್ತು ಯು ಸಾಕು.

ತೆರೆದ ಕೂಡಲೇ ಕಾಣುವ ಅಕ್ಷರಗಳ ರಾಶಿ ನೋಡಿ ಮುಚ್ಚಿಬಿಡಬೇಡಿ. ಮೊದಲ ಖಾಲಿ ಸಾಲಿನವರೆಗೆ ಇರುವುದಷ್ಟೇ ಹೆಡರ್. ಅದರ ಕೆಳಗಿನದು ಮೇಲ್‌ನ ಒಡಲು, ಲಗತ್ತುಗಳು. ಅದನ್ನು ಬಿಡಿ. ವಿಷಯದ ಸಾಲು ಕನ್ನಡದಲ್ಲಿದ್ದರೆ ಅದು ಹೆಡರ್‌ನಲ್ಲಿ ಕನ್ನಡವಾಗಿ ಕಾಣುವುದು ಅಪರೂಪ. ಯುಟಿಎಫ್-8 ಎಂದು ಶುರುವಾಗಿ, 4-ಎಲ್-ಕೆ, 4-ಎಲ್-ಓ ಎಂಬ ತುಣುಕುಗಳು ಮತ್ತೆ ಮತ್ತೆ ಬರುವ ಸಾಲಾಗಿರುತ್ತದೆ. ಅದು ವೈರಸ್ ಅಲ್ಲ. ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೆಯ ವ್ಯವಸ್ಥೆಯ ಮೂಲಕ ನಮ್ಮ ಲಿಪಿ ಸಾಗಿಸಲು ಮಾಡಿಕೊಂಡ ಏರ್ಪಾಡು.

ಈಗ ಮುಖ್ಯ ವಿಷಯ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದು ಪ್ರಕಟಿಸಿದ್ದು 1982ರಲ್ಲಿ. ಕಳಿಸುವವರು ಹೇಳಿಕೊಂಡ ಹೆಸರು ನಿಜವೇ ಎಂದು ಕೇಳುವ ಪದ್ಧತಿ ಅದರಲ್ಲಿ ಇರಲಿಲ್ಲ. ಆಗ ಜಾಲದಲ್ಲಿದ್ದವರು ಬೆರಳೆಣಿಕೆಯ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಜನ, ಅಲ್ವಾ? ಅಂಚೆ ಪತ್ರದ ಹಾಗೆಯೇ ಇಮೇಲ್‌ಗೂ ಒಳಗಿನ ಕಾಗದ ಬೇರೆ, ಹೊರಗಿನ ಲಕೋಟೆ ಬೇರೆ. ನಿಮಗೆ ಕಾಣುವ ‘ಫ್ರಮ್’ ಒಳಗಿನ ಕಾಗದದ ಮೇಲಿನದು. ಅಲ್ಲಿ ಯಾರು ಯಾರ ಹೆಸರು ಬೇಕಾದರೂ ಬರೆದುಕೊಳ್ಳಬಹುದು. ಲಕೋಟೆಯ ಮೇಲಿನ ವಿಳಾಸ ಹೆಡರ್‌ನಲ್ಲಿ ‘ರಿಟರ್ನ್-ಪಾತ್’ ಎಂದು ಉಳಿದಿರುತ್ತದೆ.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳು ಬಂದದ್ದು ಆಮೇಲೆ, ಈ ಸಡಿಲವನ್ನು ಬಿಗಿ ಮಾಡಲು. ಜಿಮೇಲ್‌ನ ‘ಶೋ ಒರಿಜಿನಲ್’ ಪುಟದ ಮೇಲ್ಗಡೆಯೇ ಈ ಮೂರರ ಫಲಿತಾಂಶ ಇರುತ್ತದೆ. ಬೇರೆ ಕಡೆ ‘ಅಥೆಂಟಿಕೇಶನ್-ರಿಸಲ್ಟ್ಸ್’ ಎಂಬ ಸಾಲು ನೋಡಬೇಕು. ಇಲ್ಲಿ ಓದುಗರು ಎಡವುವ ಒಂದು ಜಾಗ ಇದೆ. ಎಸ್‌ಪಿಎಫ್ ಪಾಸ್ ಎಂದು ಕಂಡ ಕೂಡಲೇ ನಿರಾಳ ಆಗಿಬಿಡುತ್ತಾರೆ. ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯ ಡೊಮೇನನ್ನು, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರನ್ನು: ಮೇಲ್ ಕಳಿಸಿದ ಸರ್ವರ್‌ಗೆ ಆ ಡೊಮೇನ್ ಅನುಮತಿ ಕೊಟ್ಟಿದೆಯೇ ಎಂದು. ಫ್ರಮ್‌ನಲ್ಲಿ ಬ್ಯಾಂಕಿನ ಹೆಸರಿದ್ದು, ರಿಟರ್ನ್-ಪಾತ್‌ನಲ್ಲಿ ಎಂದೂ ಕೇಳದ ಡೊಮೇನ್ ಇದ್ದರೂ ಎಸ್‌ಪಿಎಫ್ ಪಾಸ್ ಆಗಬಹುದು. ಆ ಕೇಳದ ಡೊಮೇನಿನ ಯಜಮಾನ ತನ್ನ ಸರ್ವರ್‌ಗೆ ತಾನೇ ಅನುಮತಿ ಕೊಟ್ಟಿರುತ್ತಾನೆ, ಅಷ್ಟೇ. ಡಿಕಿಮ್ ಕೂಡ ಹಾಗೆಯೇ. ಅದು ಸಹಿ. ಯಾವ ಡೊಮೇನಿನ ಸಹಿ ಎಂಬುದು ಪಕ್ಕದಲ್ಲೇ ಬರೆದಿರುತ್ತದೆ, ಅದನ್ನು ಓದಬೇಕು. ಇವೆರಡರಲ್ಲಿ ಒಂದಾದರೂ ಫ್ರಮ್‌ನ ಡೊಮೇನಿಗೆ ಹೊಂದುತ್ತದೆಯೇ ಎಂದು ನೋಡುವುದು ಡಿಮಾರ್ಕ್. ಮೂರರಲ್ಲಿ ಒಂದನ್ನೇ ನೋಡುವಷ್ಟು ಪುರುಸೊತ್ತು ನಿಮಗಿದ್ದರೆ ಡಿಮಾರ್ಕ್ ನೋಡಿ.

ಡಿಮಾರ್ಕ್ ಪಾಸ್ ಆದರೂ ಕಳಿಸಿದವನು ಒಳ್ಳೆಯವನು ಎಂದು ಅರ್ಥವಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕದವರು ಒಂದು ಮೇಲ್ ತೋರಿಸಿದ್ದರು. ಬಿಡಿಭಾಗ ಪೂರೈಸುವವರು ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ’ ಎಂದು ಬರೆದಿದ್ದರು. ಹಳೆಯ ಬಿಲ್‌ನ ನಂಬರ್ ಸರಿಯಾಗಿತ್ತು, ಸಹಿಯ ಕೆಳಗಿನ ಲೋಗೋ ಸರಿಯಾಗಿತ್ತು. ಹೆಡರ್‌ನಲ್ಲಿ ಮೂರೂ ಪಾಸ್. ಆದರೆ ಡೊಮೇನಿನ ಹೆಸರಲ್ಲಿ ಎಮ್ ಇರಬೇಕಾದ ಕಡೆ ಆರ್ ಮತ್ತು ಎನ್ ಅಕ್ಕಪಕ್ಕ ಕೂತಿದ್ದವು. ಇಂಗ್ಲಿಷಿನ ಸಣ್ಣಕ್ಷರದಲ್ಲಿ ಅವೆರಡೂ ಸೇರಿ ಎಮ್ ಥರವೇ ಕಾಣುತ್ತವೆ. ಮೋಸಗಾರ ಆ ಡೊಮೇನನ್ನು ದುಡ್ಡು ಕೊಟ್ಟು ಕೊಂಡು, ಅದಕ್ಕೆ ಎಸ್‌ಪಿಎಫ್, ಡಿಕಿಮ್ ಎಲ್ಲ ಅಚ್ಚುಕಟ್ಟಾಗಿ ಹಾಕಿಟ್ಟಿದ್ದ. ಜೊತೆಗೆ ‘ರಿಪ್ಲೈ-ಟು’ ಸಾಲಿನಲ್ಲಿ ಒಂದು ಉಚಿತ ಮೇಲ್‌ನ ವಿಳಾಸ. ಅಂದರೆ ಉತ್ತರ ಬರೆದರೆ ಹೋಗುವುದೇ ಬೇರೆ ಕಡೆಗೆ. ಕೊನೆಗೆ ಪೂರೈಸುವವರ ಹಳೆಯ ಫೋನ್ ನಂಬರಿಗೆ ಕರೆ ಮಾಡಿ ಕೇಳಿದಾಗ ಖಾತೆ ಬದಲಾಗಿಲ್ಲ ಎಂದು ಖಚಿತವಾಯಿತು. ದುಡ್ಡಿನ ವಿಷಯ ಬಂದಾಗ ಹೆಡರ್ ಮೇಲೊಂದೇ ನಿರ್ಧಾರ ಮಾಡಬೇಡಿ, ಫೋನ್ ಮಾಡಿ. ಅದೂ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

ಫೇಲ್ ಆದದ್ದೆಲ್ಲ ಮೋಸವೂ ಅಲ್ಲ. ಮೇಲ್ ಕಳಿಸುವ ಸೇವೆ ಬದಲಿಸಿ, ಎಸ್‌ಪಿಎಫ್ ದಾಖಲೆ ತಿದ್ದುವುದನ್ನು ಮರೆತ ಶಾಲೆ, ಸಂಘ, ಅಂಗಡಿಗಳು ಎಷ್ಟೋ ಇವೆ. ಅವರ ಮೇಲ್‌ನಲ್ಲಿ ‘ಸಾಫ್ಟ್‌ಫೇಲ್’ ಎಂದು ಕಾಣುತ್ತದೆ. ಸ್ಪ್ಯಾಮ್ ಒತ್ತುವ ಬದಲು ಹೆಡರ್ ಅವರಿಗೇ ಕಳಿಸಿಕೊಟ್ಟರೆ ದೊಡ್ಡ ಉಪಕಾರ. ಸ್ವಂತ ಡೊಮೇನ್ ಇರುವವರು ಆಗಾಗ ತಮ್ಮದೇ ಮೇಲನ್ನು ಬೇರೊಂದು ಜಿಮೇಲ್‌ಗೆ ಕಳಿಸಿ ಹೆಡರ್ ನೋಡಿಕೊಳ್ಳುವುದು ಒಳ್ಳೆಯದು.

ಬ್ಯಾಂಕುಗಳ ವಿಷಯದಲ್ಲಿ ಈಗ ಒಂದು ಅನುಕೂಲ ಆಗಿದೆ. 31 ಅಕ್ಟೋಬರ್ 2025ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಡೊಮೇನಿಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರನ್ನು ಬ್ಯಾಂಕುಗಳಿಗೆ ಕೊಡುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ. ಬೀದಿಯಲ್ಲಿ ಹೋಗುವವರು ಯಾರೋ ಕೊಂಡುಕೊಳ್ಳಲು ಆಗುವುದಿಲ್ಲ. ಕೊನೆಯಲ್ಲಿ ಅದೇ ಇದೆಯೇ ಎಂದು ಮಾತ್ರ ಸರಿಯಾಗಿ ನೋಡಬೇಕು. ನಡುವೆ ಎಲ್ಲೋ ಬ್ಯಾಂಕ್ ಎಂಬ ಪದ ಇದ್ದರೆ ಅದಕ್ಕೆ ಬೆಲೆ ಇಲ್ಲ.

‘ರಿಸೀವ್ಡ್’ ಸಾಲುಗಳು ಹೆಡರ್‌ನಲ್ಲಿ ಎಲ್ಲಕ್ಕಿಂತ ಉದ್ದ. ಮೇಲ್ ಹಾದುಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಹಿಂದಿನದರ ಮೇಲೆ ಅಂಟಿಸುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು, ಮೇಲಿನಿಂದ ಕೆಳಕ್ಕೆ ನಂಬಬೇಕು. ಮೇಲಿನದು ನಿಮ್ಮದೇ ಮೇಲ್ ಸೇವೆ ಬರೆದದ್ದು, ಅದು ಸುಳ್ಳಲ್ಲ. ಹೊರಗಿನ ಸರ್ವರ್‌ನಿಂದ ಮೇಲ್ ಪಡೆದ ಸಾಲಿನವರೆಗೆ ನಂಬಿಕೆ ಇಡಬಹುದು. ಅದರ ಕೆಳಗಿನವುಗಳನ್ನು ಕಳಿಸಿದವನೇ ಕೈಯಾರೆ ಬರೆದಿರಬಹುದು.

ಇಲ್ಲಿ ಸಿಗುವ ಐಪಿ ವಿಳಾಸ, ಅಂದರೆ ಜಾಲದಲ್ಲಿ ಯಂತ್ರಕ್ಕಿರುವ ನಂಬರ್, ಹಿಡಿದುಕೊಂಡು ‘ಕಳ್ಳ ಸಿಕ್ಕ’ ಎಂದು ಓಡುವವರನ್ನು ನೋಡಿದ್ದೇನೆ. 10 ಅಥವಾ 192.168ರಿಂದ ಶುರುವಾದರೆ ಅದು ಯಾವುದೋ ಕಚೇರಿಯ ಒಳಗಿನ ನಂಬರ್, ಹೊರಗಿನ ಲೋಕದಲ್ಲಿ ಅದಕ್ಕೆ ಅರ್ಥವೇ ಇಲ್ಲ. ಜಿಮೇಲ್‌ನಲ್ಲಿ ‘2002:ಎ05’ ಎಂದು ಶುರುವಾಗುವ ಉದ್ದ ವಿಳಾಸ ಕಾಣುತ್ತದೆ, ಅದು ಗೂಗಲ್‌ನ ಸ್ವಂತ ಒಳದಾರಿ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಬರೆದವರ ಮನೆಯ ಐಪಿ ಹೆಡರ್‌ನಲ್ಲಿ ಬರುವುದೇ ಇಲ್ಲ. ಐಪಿ ಹುಡುಕುವ ತಾಣಗಳು ಅಮೆರಿಕದ ಯಾವುದೋ ಊರು ತೋರಿಸಿದರೆ, ಅದು ಗೂಗಲ್‌ನ ಸರ್ವರ್. ನಿಮಗೆ ಬೆದರಿಕೆ ಹಾಕಿದವನು ಪಕ್ಕದ ಬೀದಿಯಲ್ಲೇ ಇರಬಹುದು. ಅವನ ನಿಜವಾದ ಐಪಿ ಕಂಪನಿಯ ದಾಖಲೆಯಲ್ಲಿರುತ್ತದೆ, ಅದನ್ನು ಕಾನೂನಿನ ಪ್ರಕಾರ ಕೇಳಿ ಪಡೆಯುವುದು ಪೊಲೀಸರ ಕೆಲಸ.

ರಿಸೀವ್ಡ್ ಸಾಲುಗಳು ನಿಜಕ್ಕೂ ಉಪಯೋಗಕ್ಕೆ ಬರುವುದು ಹೊತ್ತಿನ ಜಗಳದಲ್ಲಿ. ಟೆಂಡರ್ ಸಂಜೆ 6ರೊಳಗೆ ಬರಬೇಕಿತ್ತು. ಕಳಿಸಿದವರು 5.55ಕ್ಕೇ ಕಳಿಸಿದೆ ಎನ್ನುತ್ತಾರೆ, ‘ಡೇಟ್’ ಸಾಲಿನಲ್ಲೂ 17:55 ಇದೆ. ಡೇಟ್ ಸಾಲನ್ನು ಬರೆಯುವುದು ಕಳಿಸುವವರ ಕಡೆಯ ಯಂತ್ರ, ಅದರ ಗಡಿಯಾರ ಹಿಂದಿದ್ದರೆ ಡೇಟ್ ಕೂಡ ಹಿಂದೆ. ಮೇಲಿನ ರಿಸೀವ್ಡ್ ಸಾಲು ನೋಡಿದರೆ 05:32, ಮೈನಸ್ 0700 ಎಂದಿದೆ. ಜಿಮೇಲ್ ಅಮೆರಿಕದ ಪಶ್ಚಿಮ ತೀರದ ಹೊತ್ತು ಬರೆಯುತ್ತದೆ. ಅದಕ್ಕೆ 7 ಗಂಟೆ ಸೇರಿಸಿ, ಮತ್ತೆ ನಮ್ಮ ಐದೂವರೆ ಗಂಟೆ ಸೇರಿಸಿ. 18:02. ನಡುವಿನ ಸಾಲುಗಳ ಹೊತ್ತು ಹೋಲಿಸಿದರೆ ತಡವಾದದ್ದು ಕಳಿಸಿದವರ ಸರ್ವರ್‌ನಲ್ಲೋ ನಿಮ್ಮ ಕಡೆಯೋ ಎಂಬುದೂ ತಿಳಿಯುತ್ತದೆ. ಚಳಿಗಾಲದಲ್ಲಿ ಅದು ಮೈನಸ್ 0800 ಆಗುತ್ತದೆ, ಆಗ 8 ಗಂಟೆ ಸೇರಿಸಬೇಕು.

ಇಷ್ಟೆಲ್ಲ ಲೆಕ್ಕ ಬೇಡ ಎನ್ನುವವರಿಗೆ ಗೂಗಲ್‌ನ ‘ಮೆಸೇಜ್‌ಹೆಡರ್’, ಮೈಕ್ರೋಸಾಫ್ಟ್‌ನ ‘ಮೆಸೇಜ್ ಹೆಡರ್ ಅನಲೈಸರ್’ ಇವೆ. ಹೆಡರ್ ಅಂಟಿಸಿದರೆ ಕೋಷ್ಟಕ ಮಾಡಿ ಕೊಡುತ್ತವೆ, ಯಾರ ಮೇಲೂ ದೂರು ಹಾಕುವುದಿಲ್ಲ. ಅಂಟಿಸುವಾಗ ಖಾಲಿ ಸಾಲಿನವರೆಗೆ ಮಾತ್ರ ಅಂಟಿಸಿ. ಒಡಲಿನಲ್ಲಿ ಪಾಸ್‌ವರ್ಡ್ ಬದಲಿಸುವ ಲಿಂಕ್, ಖಾತೆಯ ವಿವರ ಏನು ಬೇಕಾದರೂ ಇರಬಹುದು. ಯಾರ‍್ಯಾರೋ ಇರುವ ವಾಟ್ಸ್ಆ್ಯಪ್ ಗುಂಪಿಗೆ ಹೆಡರ್‌ನ ಸ್ಕ್ರೀನ್‌ಶಾಟ್ ಹಾಕಿ ‘ಇದೇನು ನೋಡಿ’ ಎನ್ನುವುದೂ ಬೇಡ, ಅದರಲ್ಲಿ ನಿಮ್ಮ ವಿಳಾಸ ಇರುತ್ತದೆ.

ದೂರು ಕೊಡಲೇಬೇಕಾದ ಮೇಲ್ ಆಗಿದ್ದರೆ ಅದನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಫಾರ್ವರ್ಡ್ ಮಾಡಿದ್ದು ನೀವು ಬರೆದ ಹೊಸ ಮೇಲ್, ಅದರಲ್ಲಿ ಹಳೆಯ ಹೆಡರ್ ಇರುವುದಿಲ್ಲ. ಮುದ್ರಿಸಿದ ಪ್ರತಿಯಲ್ಲೂ ಇರುವುದಿಲ್ಲ. ‘ಶೋ ಒರಿಜಿನಲ್’ ಪುಟದಲ್ಲೇ ಇರುವ ‘ಡೌನ್‌ಲೋಡ್ ಒರಿಜಿನಲ್’ ಒತ್ತಿ ಇಎಂಎಲ್ ಕಡತವಾಗಿ ಉಳಿಸಿ, ಅಥವಾ ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಬಳಸಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಕಡತದ ಮಾತು. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ದೂರು ತೆಗೆದುಕೊಳ್ಳುವುದು ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆ. ಅಲ್ಲಿ ಪೂರ್ತಿ ಹೆಡರ್ ಕೇಳುತ್ತಾರೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವೂ ಬೇಕಾಗುತ್ತದೆ. 1 ಜುಲೈ 2024ಕ್ಕೆ ಮುಂಚೆ ಇದೇ ಕೆಲಸಕ್ಕೆ ಹಳೆಯ ಕಾಯ್ದೆಯ 65ಬಿ ಇತ್ತು. ಉಳಿಸಿದ ಕಡತವನ್ನು ತೆರೆದು ತಿದ್ದಬೇಡಿ, ಹೆಸರು ಕೂಡ ಬದಲಿಸದೆ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಮೂಲ ಮೇಲನ್ನು ಸ್ಪ್ಯಾಮ್‌ಗೆ ತಳ್ಳದೆ ಬೇರೊಂದು ಲೇಬಲ್‌ನ ಕೆಳಗೆ ಇಡಿ. ತನಿಖೆ ಮಾಡುವವರು ನಿಮ್ಮ ಖಾತೆಯಲ್ಲಿಯೇ ಅದನ್ನು ನೋಡಬೇಕು ಎಂದು ಕೇಳಬಹುದು.