ಅಸಲಿ ಅಂದ್ರೆ ಯಾವೂರಿನ ಅಸಲಿ?

ಫ್ಲಾರಿಡಾದ ಟ್ಯಾಂಪಾದಲ್ಲಿ ಒಂದು ಕ್ಯೂಬನ್ ಹೋಟೆಲಿನ ಅಡುಗೆಮನೆ ನನ್ನ ಅನ್ನದ ದಾರಿ. ಇದು ಗೊತ್ತಾದಾಗಿನಿಂದ ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಒಂದೇ ಪ್ರಶ್ನೆ ಹಿಡಿದು ಫೋನ್ ಮಾಡುತ್ತಾರೆ. "ನಮ್ಮೂರಲ್ಲೂ ಒಂದು ಕ್ಯೂಬನ್ ಹೋಟೆಲ್ ಶುರುವಾಗಿದೆ ಮಾರಾಯ, ಅಸಲೀನೋ ಅಲ್ವೋ ಹೇಗೆ ತಿಳ್ಕೊಳ್ಳೋದು?" ಹೋದ ತಿಂಗಳು ಫೋನ್ ಮಾಡಿದವನು ತೀರ್ಪನ್ನೂ ಕೊಟ್ಟುಬಿಟ್ಟ. "ಚೂರೂ ಖಾರ ಇಲ್ಲ ಕಣೋ, ಪಕ್ಕಾ ಡೂಪ್ಲಿಕೇಟು."

ಖಾರ ಇಲ್ಲದಿದ್ದರೆ ಅದು ಒಳ್ಳೆಯ ಲಕ್ಷಣ. ಕ್ಯೂಬಾದವರ ಊಟಕ್ಕೂ ಮೆಕ್ಸಿಕೋದವರ ಊಟಕ್ಕೂ ನಂಟು ಕಡಿಮೆ. ಅಲ್ಲಿ ಅಜಿ ಕಚೂಚ ಅನ್ನುವ ಪುಟ್ಟ ಮೆಣಸಿನಕಾಯಿ ಇದೆ. ನೋಡೋಕೆ ಬೆಂಕಿಯಂಥ ಹಬನೇರೊ ಥರವೇ. ಕಚ್ಚಿದರೆ ಬರೀ ಪರಿಮಳ. ನಮ್ಮ ಒಗ್ಗರಣೆಯಷ್ಟೇ ಮುಖ್ಯವಾದದ್ದು ಅವರ ಸೊಫ್ರೀತೊ: ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸಿನಕಾಯಿ, ಜೀರಿಗೆ, ಓರೆಗಾನೊ. ಎಣ್ಣೆಯಲ್ಲಿ ನಿಧಾನಕ್ಕೆ ಬಾಡಬೇಕು, ಚಟಪಟ ಅನ್ನಬಾರದು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಪ್ಪು ಬೀನ್ಸಿನ ಪಾತ್ರೆಗೆ ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿದ್ದೆ. ನಮ್ಮ ಹಿರಿಯ ಅಡುಗೆಯವರು, ಕ್ಯೂಬಾದ ಕಮಗ್ವೆ ಕಡೆಯ ಹೆಂಗಸು, ಒಂದು ಚಮಚ ರುಚಿ ನೋಡಿದರು. ಏನೂ ಹೇಳಲಿಲ್ಲ. ಪಾತ್ರೆ ಎತ್ತಿ ಕೆಲಸದವರ ಊಟಕ್ಕೆ ಇಟ್ಟು, ಹೊಸದಾಗಿ ಬೀನ್ಸ್ ಬೇಯಲು ಹಾಕಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮೆನುವಿನಲ್ಲಿ ಮೆಕ್ಸಿಕೋದ ಟಾಕೊ, ಬರೀಟೊ ಸಾಲಾಗಿ ಕೂತಿದ್ದರೆ ನನಗೂ ಅನುಮಾನ ಬರುತ್ತದೆ. ಆದರೆ ಫ್ರೈಡ್ ರೈಸ್ ಕಂಡರೆ ನಗಬೇಡಿ. 1847ರಿಂದ ಚೀನಾದ ಕೂಲಿಗಳನ್ನು ಹಡಗಿನಲ್ಲಿ ತುಂಬಿಸಿ ಕ್ಯೂಬಾದ ಕಬ್ಬಿನ ಗದ್ದೆಗೆ ತಂದಿದ್ದರು. ಅವರು ಅಲ್ಲೇ ನೆಲೆ ನಿಂತರು, ಹೋಟೆಲ್ ಇಟ್ಟರು. ಅರೋಸ್ ಫ್ರೀತೊ, ಅಂದರೆ ಅದೇ ಫ್ರೈಡ್ ರೈಸ್, ಕ್ಯೂಬಾದವರಿಗೆ ಮನೆಯ ಊಟವೇ.

ನಾನು ಬೇರೆ ಹೋಟೆಲಿಗೆ ಹೋದರೆ ಮೊದಲು ತರಿಸುವುದು ತೊಸ್ತೋನೆಸ್. ಅಡುಗೆಯವನ ಜಾತಕ ಅದರಲ್ಲಿದೆ. ನೇಂದ್ರದಂಥ ದಪ್ಪ ಬಾಳೆ, ಹಸಿರಾಗಿಯೇ ಇರಬೇಕು. ಹೆಬ್ಬೆರಳು ದಪ್ಪಕ್ಕೆ ಕತ್ತರಿಸಿ, ಹದವಾದ ಎಣ್ಣೆಯಲ್ಲಿ ಮೆತ್ತಗಾಗುವಷ್ಟು ಕರಿದು ತೆಗೆಯುತ್ತೇವೆ. ಬಿಸಿ ಇರುವಾಗಲೇ ಒತ್ತಿ ಚಪ್ಪಟೆ ಮಾಡಿ, ಕಾದ ಎಣ್ಣೆಗೆ ಇನ್ನೊಮ್ಮೆ ಬಿಡುತ್ತೇವೆ. ಕೈಯಲ್ಲಿ ಒತ್ತಿದ್ದರೆ ಅಂಚು ಬಿರುಕು ಬಿಟ್ಟಿರುತ್ತದೆ, ಒಂದು ದಪ್ಪ ಒಂದು ತೆಳು. ಎಲ್ಲವೂ ರೂಪಾಯಿ ನಾಣ್ಯದ ಹಾಗೆ ಒಂದೇ ಅಳತೆಗೆ ದುಂಡಗಿದ್ದರೆ ಫ್ರೀಜರಿನ ಪ್ಯಾಕೆಟಿಂದ ಬಂದಿರೋದೇ ಜಾಸ್ತಿ. ತಣ್ಣಗಾದರೆ ಎರಡೂ ಕಟ್ಟಿಗೆಯೇ, ಮಾತಾಡುತ್ತಾ ಕೂರಬೇಡಿ.

ಆಮೇಲೆ ಮೊಹೊ. ಬೇಯಿಸಿದ ಮರಗೆಣಸಿನ ಮೇಲೆ ಸುರಿಯುವ ಬೆಳ್ಳುಳ್ಳಿ ರಸ ಇದು. ಇದಕ್ಕೆ ಬೇಕಾದ ಹುಳಿ ಕಿತ್ತಳೆಯ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಊರಿನ ಹೇರಳೆಕಾಯಿ ಚಿತ್ರಾನ್ನ ನೆನಪಾಗುತ್ತದೆ. ಆ ಕಿತ್ತಳೆ ಸಿಗದಾಗ ಮಾಮೂಲಿ ಕಿತ್ತಳೆ ರಸಕ್ಕೆ ನಿಂಬೆ ಹಿಂಡುತ್ತೇವೆ. ಕ್ಯೂಬಾದವರ ಮನೆಗಳಲ್ಲೂ ಇಲ್ಲಿ ಹಾಗೇ ಮಾಡುತ್ತಾರೆ. ಇದನ್ನು ನಕಲಿ ಅನ್ನಲು ನನಗೆ ಮನಸ್ಸಿಲ್ಲ.

ಸ್ಯಾಂಡ್‌ವಿಚ್ ವಿಷಯ ಎತ್ತಿದರೆ ಜಗಳವೇ. ಹ್ಯಾಮ್, ಹುರಿದ ಹಂದಿ ಮಾಂಸ, ಸ್ವಿಸ್ ಚೀಸ್, ಉಪ್ಪಿನಲ್ಲಿ ನೆನೆದ ಸೌತೆ, ಹಳದಿ ಸಾಸಿವೆ. ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಟ್ಯಾಂಪಾದವರು ಇದಕ್ಕೆ ಸಲಾಮಿ ಅನ್ನುವ ಒಣಗಿಸಿದ ಸಾಸೇಜನ್ನೂ ಸೇರಿಸುತ್ತಾರೆ, ಮಯಾಮಿಯವರು ಅದನ್ನು ಕಂಡರೆ ಉರಿದುಬೀಳುತ್ತಾರೆ. ಇಲ್ಲಿನ ಈಬೋರ್ ಸಿಟಿಯ ಚುಟ್ಟಾ ಕಾರ್ಖಾನೆಗಳಲ್ಲಿ ಕ್ಯೂಬಾದವರ ಜೊತೆ ಇಟಲಿಯವರೂ ದುಡಿಯುತ್ತಿದ್ದರು, ಸಲಾಮಿ ಅವರ ಕಾಣಿಕೆ ಅನ್ನುತ್ತಾರೆ. 2012ರಲ್ಲಿ ಟ್ಯಾಂಪಾ ನಗರಸಭೆ ಸಲಾಮಿ ಇರುವುದನ್ನೇ ತನ್ನೂರಿನ ಸ್ಯಾಂಡ್‌ವಿಚ್ ಎಂದು ಗೊತ್ತುವಳಿ ಮಾಡಿತು. ನಾನು ಟ್ಯಾಂಪಾದ ಸಂಬಳ ತಿನ್ನುವವನು, ಹಾಗಾಗಿ ಸಲಾಮಿ ಪಕ್ಷ.

ಈಗ ರೋಪ ವಿಯೇಹ. ಹೆಸರಿನ ಅರ್ಥ ‘ಹಳೇ ಬಟ್ಟೆ’. ದನದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದಾಗ ಹರಿದ ಚಿಂದಿಯ ಹಾಗೆ ಕಾಣುತ್ತದೆ. ಕ್ಯೂಬಾದ ರಾಷ್ಟ್ರೀಯ ತಿನಿಸು ಅಂತ ಎಲ್ಲ ಮೆನುವಿನಲ್ಲೂ ಇರುತ್ತದೆ. ಒಂದು ಮಧ್ಯಾಹ್ನ ಮಾಂಸ ಬಿಡಿಸುತ್ತಾ ಕಮಗ್ವೆಯ ಹೆಂಗಸನ್ನು ಕೇಳಿದೆ, "ನಿಮ್ಮ ಮನೇಲೂ ಹೀಗೇ ಮಾಡ್ತಿದ್ರಾ?" ಅವರು ಕೈ ನಿಲ್ಲಿಸದೆ ಹೇಳಿದರು, "ದನದ್ದು ಹಾಕಿ ಮಾಡಿದ್ದನ್ನ ನಾನು ಮೊದಲು ತಿಂದಿದ್ದೇ ಮಯಾಮಿಗೆ ಬಂದ ಮೇಲೆ."

ಕಮಗ್ವೆ ಅಂದರೆ ದನಕ್ಕೇ ಹೆಸರಾದ ಪ್ರಾಂತ್ಯ! ಆದರೆ ಕ್ಯೂಬಾದಲ್ಲಿ ಸರ್ಕಾರದ ಅಪ್ಪಣೆ ಇಲ್ಲದೆ ತಾನು ಸಾಕಿದ ದನವನ್ನೇ ಕಡಿದರೂ ರೈತ ಜೈಲಿಗೆ ಹೋಗುವ ಕಾಲವಿತ್ತು. 2021ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು. 1962ರಿಂದ ಅಲ್ಲಿ ರೇಷನ್ ಪುಸ್ತಕ ಇದೆ. ನೆರವಿಗಿದ್ದ ಸೋವಿಯತ್ ಒಕ್ಕೂಟ ಬಿದ್ದ ಮೇಲಂತೂ ಊಟಕ್ಕೇ ತತ್ವಾರವಾಯಿತು. ರೇಷನ್ ಕಾಫಿಪುಡಿಗೆ ಹುರಿದ ಬಟಾಣಿ ಬೆರೆಸುತ್ತಿದ್ದರು. ಹೀಗಿರುವಾಗ ಹವಾನಾದ ಸಾಮಾನ್ಯ ಮನೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಹೋಲಿಸಿದರೆ ಅಮೆರಿಕದ ಕ್ಯೂಬನ್ ಹೋಟೆಲೆಲ್ಲ ಸುಳ್ಳೇ. ನಾವು ಬಡಿಸುವುದರಲ್ಲಿ ಬಹುಪಾಲು 1959ರ ಕ್ರಾಂತಿಯ ನಂತರ ದೇಶ ಬಿಟ್ಟವರು ನೆನಪಿನಲ್ಲಿ ಹೊತ್ತು ತಂದ ಊಟ. ಹಾಗಾಗಿ ಊರಿನ ಹೆಸರು ಹಿಡಿದು ಅಸಲಿ ನಕಲಿ ಅನ್ನುವುದನ್ನು ಬಿಟ್ಟಿದ್ದೇನೆ. ಬೀನ್ಸಿನ ರಸ ತಾನಾಗಿ ಗಟ್ಟಿಯಾಗಿದೆಯೋ, ಬೆಳ್ಳುಳ್ಳಿ ಇವತ್ತು ಜಜ್ಜಿದ್ದೋ, ಅದನ್ನು ನೋಡುತ್ತೇನೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಕಪ್ಪು ಬೀನ್ಸಿಗೆ ಹ್ಯಾಮ್ ತುಂಡು ಹಾಕುವವರಿದ್ದಾರೆ, ಮೊದಲೇ ಕೇಳಿ. ಕ್ಯೂಬನ್ ಬ್ರೆಡ್ಡಿಗೆ ಸಾಮಾನ್ಯವಾಗಿ ಹಂದಿ ಕೊಬ್ಬು ಬೀಳುತ್ತದೆ. ಇದನ್ನು ಹೇಳಿದ್ದಕ್ಕೆ ಇಬ್ಬರು ಗೆಳೆಯರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಏನು ಮಾಡಲಿ. ಬಾಳೆಕಾಯಿ ಕರಿಯುವ ಎಣ್ಣೆ ಬೇರೆಯೋ ಅಂತಲೂ ವಿಚಾರಿಸಿ.

ಆ ಖಾರದ ಗೆಳೆಯ ಮೊನ್ನೆ ಮತ್ತೆ ಅಲ್ಲಿಗೇ ಹೋಗಿದ್ದ. ಟೇಬಲ್‌ನಿಂದಲೇ ಫೋನು. "ನೀನು ಹೇಳಿದ ಬಾಳೆಕಾಯಿ ತರಿಸ್ದೆ ಕಣೋ. ಒಂದೊಂದೂ ಒಂದೊಂದು ಸೈಜು, ಅಂಚೆಲ್ಲ ಒಡೆದೋಗಿದೆ. ವಾಪಸ್ ಕಳಿಸ್ಲಾ?"

ಇನ್ನೊಂದು ಪ್ಲೇಟ್ ತರಿಸು ಅಂದೆ.