ಸೂರ್ಯನ ಸ್ಫೋಟ ನಮ್ಮನ್ನು ಮುಟ್ಟುವುದೇ? ಅರೋರಾ ಮುನ್ಸೂಚನೆ ಏಕೆ ಇಷ್ಟು ಕಠಿಣ

ಸೂರ್ಯನ ಮೇಲೆ ದೊಡ್ಡ ಸ್ಫೋಟವೊಂದು ಸಂಭವಿಸಿದರೆ, ಇನ್ನೆರಡು ದಿನಗಳಲ್ಲಿ ಆಕಾಶದಲ್ಲಿ ಅರೋರಾ ಅಥವಾ ಧ್ರುವಪ್ರಭೆ ಕಾಣಿಸಲಿದೆ ಎಂಬ ಸುದ್ದಿ ಬೆನ್ನಿಗೇ ಹರಡುತ್ತದೆ. ಹಲವು ಸಲ ಆ ನಿರೀಕ್ಷೆ ಹುಸಿಯಾಗುತ್ತದೆ; ಕೆಲವೊಮ್ಮೆ ಯಾರೂ ಹೆಚ್ಚು ಗಮನ ಕೊಡದ ಸಾಧಾರಣ ಸ್ಫೋಟವೇ ರಾತ್ರಿಯಿಡೀ ಆಕಾಶವನ್ನು ಬೆಳಗಿಸುತ್ತದೆ. ಇದಕ್ಕೆ ವಿಜ್ಞಾನಿಗಳ ಅಲಕ್ಷ್ಯ ಕಾರಣವಲ್ಲ. ಸ್ಫೋಟ ಯಾವಾಗ, ಎಲ್ಲಿ ಆಯಿತು ಎಂಬುದನ್ನು ಅವರು ನಿಮಿಷಗಳ ಲೆಕ್ಕದಲ್ಲಿ ತಿಳಿಯಬಲ್ಲರು. ಆದರೆ ಅರೋರಾ ಮೂಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಮುಖ್ಯ ಗುಣವೊಂದನ್ನು ದೂರದಿಂದ ಅಳೆಯುವ ದಾರಿ ಇನ್ನೂ ದೊರೆತಿಲ್ಲ.

ಮೊದಲಿಗೆ, ಒಟ್ಟಿಗೆ ಸೇರಿಸಿ ಹೇಳಲಾಗುವ ಎರಡು ವಿದ್ಯಮಾನಗಳನ್ನು ಬೇರೆ ಮಾಡಿ ನೋಡಬೇಕು. ಸೌರಜ್ವಾಲೆ ಎಂಬುದು ಕ್ಷಕಿರಣ ಮತ್ತು ನೇರಳಾತೀತ ಕಿರಣಗಳ ಹಠಾತ್ ಹೊಮ್ಮುವಿಕೆ. ಅದು ಬೆಳಕಿನ ವೇಗದಲ್ಲಿ ಸುಮಾರು ಎಂಟು ನಿಮಿಷಗಳಲ್ಲಿ ನಮ್ಮನ್ನು ತಲುಪಿ, ಹಗಲಿರುವ ಭಾಗದಲ್ಲಿ ರೇಡಿಯೋ ಸಂಪರ್ಕವನ್ನು ಕೆಡಿಸಬಹುದು. ಆದರೆ ಅರೋರಾವನ್ನು ಅದು ಉಂಟುಮಾಡುವುದಿಲ್ಲ. ದೊಡ್ಡ ಅರೋರಾಗಳಿಗೆ ಕಾರಣವಾಗುವುದು ಕರೋನಲ್ ಮಾಸ್ ಇಜೆಕ್ಷನ್, ಅಂದರೆ ಸಿಎಂಇ: ಸೂರ್ಯನ ಹೊರಾವರಣವಾದ ಕರೋನಾದಿಂದ ಕಿತ್ತುಬರುವ, ನೂರಾರು ಕೋಟಿ ಟನ್ ತೂಗಬಲ್ಲ ಪ್ಲಾಸ್ಮಾ (ವಿದ್ಯುದಾವೇಶಗೊಂಡ ಬಿಸಿ ಅನಿಲ) ಮತ್ತು ಅದರೊಂದಿಗೇ ಸಾಗುವ ಕಾಂತಕ್ಷೇತ್ರ. ಇವೆರಡೂ ಹಲವು ಸಲ ಜೊತೆಯಾಗಿ ಸಂಭವಿಸುತ್ತವೆ, ಆದರೆ ಹಾಗೆ ಆಗಲೇಬೇಕೆಂಬ ನಿಯಮವಿಲ್ಲ. 2014ರ ಅಕ್ಟೋಬರ್‌ನಲ್ಲಿ ಗುರುಗ್ರಹದಷ್ಟು ಅಗಲದ ಸೌರಕಲೆಗಳ ಗುಂಪೊಂದು ಸೂರ್ಯನ ಮುಖದ ಮೇಲೆ ಹಾದುಹೋಯಿತು. ಅದು ಅತಿ ತೀವ್ರವೆನಿಸುವ ಎಕ್ಸ್ ದರ್ಜೆಯ ಆರು ಜ್ವಾಲೆಗಳನ್ನು ಉಗುಳಿತು. ಆದರೂ ಅವುಗಳಲ್ಲಿ ಯಾವುದರ ಜೊತೆಗೂ ಗಮನಾರ್ಹ ಸಿಎಂಇ ಹೊರಬರಲಿಲ್ಲ. ಮೇಲೆ ಕವಿದಿದ್ದ ಪ್ರಬಲ ಕಾಂತಕ್ಷೇತ್ರ ಪ್ಲಾಸ್ಮಾವನ್ನು ಹಿಡಿದಿಟ್ಟಿತು. ಸುದ್ದಿಗಳಲ್ಲಿ ಜ್ವಾಲೆಯ ದರ್ಜೆಗೆ ಸಿಗುವ ಪ್ರಾಮುಖ್ಯವನ್ನು ಕಂಡಾಗಲೆಲ್ಲ ಈ ಪ್ರಸಂಗವನ್ನು ನೆನಪಿಸಬೇಕೆನಿಸುತ್ತದೆ: ಅರೋರಾದ ಮಟ್ಟಿಗೆ ಆ ದರ್ಜೆ ಹೇಳುವುದು ಬಹಳ ಕಡಿಮೆ.

ಸಿಎಂಇ ಹೊರಟಿದೆಯೇ ಎಂಬುದನ್ನು ತಿಳಿಯಲು ಕರೋನಾಗ್ರಾಫ್ ಬೇಕು. ಸೂರ್ಯನ ಬಿಂಬವನ್ನು ತಟ್ಟೆಯೊಂದರಿಂದ ಮರೆಮಾಡಿ ಸುತ್ತಲಿನ ಮಸುಕಾದ ಕರೋನಾವನ್ನು ತೋರಿಸುವ ಈ ಉಪಕರಣವನ್ನು ಹೊತ್ತ ಸೋಹೋ ನೌಕೆ 1995ರ ಡಿಸೆಂಬರ್‌ನಲ್ಲಿ ಉಡಾವಣೆಯಾಯಿತು. 2023ರಲ್ಲಿ ಹೊರಟ ಆದಿತ್ಯ-ಎಲ್1ರಲ್ಲಿಯೂ ಒಂದು ಕರೋನಾಗ್ರಾಫ್ ಇದೆ. ನಮ್ಮ ಕಡೆಗೇ ಬರುವ ಸಿಎಂಇ ಈ ಚಿತ್ರಗಳಲ್ಲಿ ಸೂರ್ಯನ ಸುತ್ತ ಎಲ್ಲ ದಿಕ್ಕಿಗೂ ಹಿಗ್ಗುವ ಪ್ರಭಾವಲಯದಂತೆ ಕಾಣುತ್ತದೆ. ತೊಡಕೆಂದರೆ, ಸೂರ್ಯನ ಹಿಂಬದಿಯಿಂದ ಸಿಡಿದು ನಮ್ಮಿಂದ ದೂರ ಸಾಗುವ ಸಿಎಂಇ ಕೂಡ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಆದ್ದರಿಂದ ಅದೇ ಹೊತ್ತಿನಲ್ಲಿ ತೆಗೆದ ನೇರಳಾತೀತ ಚಿತ್ರಗಳಲ್ಲಿ ಸೂರ್ಯನ ಮುಂಬದಿಯ ಯಾವುದಾದರೂ ಭಾಗ ಹಠಾತ್ತನೆ ಮಂಕಾಗಿದೆಯೇ, ಪ್ಲಾಸ್ಮಾ ತಂತುವೊಂದು ಕಳಚಿಕೊಂಡಿದೆಯೇ ಎಂದು ಹುಡುಕುತ್ತಾರೆ. ಅಂಥ ಗುರುತೇನೂ ಇಲ್ಲದಿದ್ದರೆ ಸ್ಫೋಟ ಹಿಂಬದಿಯದೆಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಹೊರಟ ಜಾಗ ತಿಳಿದಮೇಲೂ ದಾರಿ ತಪ್ಪುವುದುಂಟು. 2014ರ ಜನವರಿ 7ರಂದು ಸೂರ್ಯಬಿಂಬದ ನಡುಭಾಗಕ್ಕೆ ಸಮೀಪದಲ್ಲಿಯೇ ಎಕ್ಸ್ ದರ್ಜೆಯ ಜ್ವಾಲೆಯೊಂದಿಗೆ ಅತಿವೇಗದ ಸಿಎಂಇ ಹೊರಟಾಗ ಪ್ರಬಲ ಕಾಂತಬಿರುಗಾಳಿಯ, ಅಂದರೆ ಭೂಮಿಯ ಕಾಂತಕ್ಷೇತ್ರ ತೀವ್ರವಾಗಿ ಅಲುಗಾಡುವುದರ ಮುನ್ಸೂಚನೆ ನೀಡಲಾಗಿತ್ತು. ಬಂದದ್ದು ನಿರೀಕ್ಷೆಗಿಂತ ತಡವಾಗಿ ತಾಗಿದ ದುರ್ಬಲ ಅಂಚು ಮಾತ್ರ. ಪಕ್ಕದಲ್ಲಿದ್ದ ಸೌರಕಲೆಗಳ ಪ್ರಬಲ ಕಾಂತಕ್ಷೇತ್ರ ಅದನ್ನು ಆರಂಭದಲ್ಲಿಯೇ ಬೇರೆ ದಿಕ್ಕಿಗೆ ಹೊರಳಿಸಿತ್ತೆಂದು, ಅದರ ಮುಖ್ಯ ಭಾಗ ಮಂಗಳದ ಕಡೆಗೆ ಸಾಗಿತ್ತೆಂದು ನಂತರದ ಅಧ್ಯಯನಗಳು ತೋರಿಸಿದವು. 2012ರ ಜುಲೈ 23ರಂದು ಹೊರಟ ಭೀಕರ ಸಿಎಂಇ ಭೂಮಿಯಿಂದ ದೂರದಲ್ಲಿದ್ದ ಸ್ಟೀರಿಯೋ-ಎ ನೌಕೆಯನ್ನು ಹಾದುಹೋಯಿತು. ಅದೇ ಸೌರಕಲೆ ಸುಮಾರು ಒಂದು ವಾರ ಮೊದಲು ನಮಗೆ ಎದುರಾಗಿದ್ದಾಗ ಸಿಡಿದಿದ್ದರೆ ಅದರ ಹೊಡೆತ ಭೂಮಿಗೇ ಬೀಳುತ್ತಿತ್ತು.

ತಲುಪುವ ಹೊತ್ತಿನ ಲೆಕ್ಕ ಇದಕ್ಕಿಂತ ಕೊಂಚ ಸುಲಭ, ಆದರೆ ನಿಖರವಲ್ಲ. ಸಿಎಂಇಗಳ ವೇಗ ಸೆಕೆಂಡಿಗೆ 250 ಕಿ.ಮೀ.ಯಿಂದ 3000 ಕಿ.ಮೀ.ವರೆಗೂ ಇರಬಹುದು. ಅವು ಬರಿದಾದ ಅವಕಾಶದಲ್ಲಿ ಸಾಗುವುದಿಲ್ಲ. ಸೂರ್ಯನಿಂದ ಸದಾ ಹೊರಹರಿಯುವ ಸೌರಮಾರುತದೊಳಗೆ ಸಾಗುತ್ತವೆ. ಹೀಗಾಗಿ ವೇಗದ ಸಿಎಂಇ ದಾರಿಯಲ್ಲಿ ನಿಧಾನವಾಗುತ್ತದೆ, ನಿಧಾನದ್ದು ಸೌರಮಾರುತದ ಸೆಳೆತಕ್ಕೆ ಸಿಕ್ಕಿ ವೇಗ ಪಡೆಯುತ್ತದೆ. ಇದನ್ನೆಲ್ಲ ಗಣಿಸುವ ಕಂಪ್ಯೂಟರ್ ಮಾದರಿಗಳಿದ್ದರೂ ಅವು ಹೇಳುವ ಸಮಯ ಸರಾಸರಿ ಹತ್ತು ಗಂಟೆಗಳಷ್ಟು ಹಿಂದುಮುಂದಾಗುತ್ತದೆ. ಅರೋರಾ ನೋಡಬಯಸುವವರಿಗೆ ಹತ್ತು ಗಂಟೆ ಎಂದರೆ ಹಗಲು ರಾತ್ರಿಯ ವ್ಯತ್ಯಾಸ. ಒಂದರ ಹಿಂದೆ ಒಂದು ಸಿಎಂಇ ಹೊರಟರೆ ಲೆಕ್ಕ ಇನ್ನೂ ಜಟಿಲವಾಗುತ್ತದೆ: ಮುಂದೆ ಹೋದದ್ದು ದಾರಿ ತೆರವುಗೊಳಿಸಿದ್ದರೆ ಹಿಂದಿನದು ಹೆಚ್ಚು ನಿಧಾನವಾಗದೆ ಬಂದು ಅದನ್ನು ಸೇರಿಕೊಳ್ಳಬಹುದು. 2024ರ ಮೇ ತಿಂಗಳಲ್ಲಿ ಹೀಗೆ ಸಾಲಾಗಿ ಬಂದ ಸಿಎಂಇಗಳಿಗಾಗಿ ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ, ಕಾಂತಬಿರುಗಾಳಿಗಳನ್ನು ಜಿ1ರಿಂದ ಜಿ5ರವರೆಗೆ ಅಳೆಯುವ ಪಟ್ಟಿಯಲ್ಲಿ ಜಿ4 ಮಟ್ಟದ ಮುನ್ನೆಚ್ಚರಿಕೆ ನೀಡಿತ್ತು. ಮೇ 10ರಂದು ಬಿರುಗಾಳಿ ಅದನ್ನೂ ಮೀರಿ ಜಿ5 ಮುಟ್ಟಿತು. 2003ರ ಅಕ್ಟೋಬರ್ ನಂತರ ಆ ಮಟ್ಟ ತಲುಪಿದ್ದು ಅದೇ ಮೊದಲು.

ಇನ್ನು ಎಲ್ಲಕ್ಕಿಂತ ಮಹತ್ವದ ಸಂಗತಿ. ಸಿಎಂಇಯೊಳಗಿನ ಕಾಂತಕ್ಷೇತ್ರ ಸಾಮಾನ್ಯವಾಗಿ ಹುರಿಗೊಂಡ ದಪ್ಪ ಹಗ್ಗದಂತಿರುತ್ತದೆ. ಅದು ಭೂಮಿಯನ್ನು ಹಾಯುವಾಗ ಕ್ಷೇತ್ರದ ದಿಕ್ಕು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೂರ್ಯನಿಗೆ ಎದುರಾದ ಅಂಚಿನಲ್ಲಿ ಭೂಮಿಯ ಕಾಂತಕ್ಷೇತ್ರ ಉತ್ತರಕ್ಕೆ ಮುಖಮಾಡಿರುತ್ತದೆ. ಬಂದ ಕ್ಷೇತ್ರ ದಕ್ಷಿಣಕ್ಕಿದ್ದರೆ ಎರಡರ ರೇಖೆಗಳೂ ಕತ್ತರಿಸಿ ಮರುಜೋಡಣೆಯಾಗುತ್ತವೆ. ಸೌರಮಾರುತದ ಶಕ್ತಿ ಒಳನುಗ್ಗಿ, ರಾತ್ರಿಯ ಬದಿಯಲ್ಲಿ ಉದ್ದಕ್ಕೆ ಚಾಚಿರುವ ಭೂಕಾಂತದ ಬಾಲದಲ್ಲಿ ಶೇಖರವಾಗುತ್ತದೆ. ಅದು ಬಿಡುಗಡೆಯಾದಾಗ ವೇಗ ಪಡೆದ ಎಲೆಕ್ಟ್ರಾನುಗಳು ವಾತಾವರಣಕ್ಕೆ ಬಡಿಯುತ್ತವೆ, ನೂರು ಕಿ.ಮೀ.ಗಿಂತ ತುಸು ಮೇಲೆ ಆಮ್ಲಜನಕ ಹಸಿರಾಗಿಯೂ, ಇನ್ನೂರು ಕಿ.ಮೀ.ಗಿಂತ ಮೇಲೆ ಕೆಂಪಾಗಿಯೂ ಹೊಳೆಯುತ್ತದೆ. ಕ್ಷೇತ್ರ ಉತ್ತರಕ್ಕಿದ್ದರೆ ಆ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ.

ಇದಕ್ಕೆ 1972ರ ಆಗಸ್ಟ್ 4ರ ಘಟನೆಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಅಂದು ಬಂದ ಸಿಎಂಇ ಸೂರ್ಯನಿಂದ ಭೂಮಿಗೆ 14.6 ಗಂಟೆಗಳಲ್ಲಿ ತಲುಪಿತು. ದಾಖಲಾದವುಗಳಲ್ಲಿ ಅದೇ ಅತಿ ವೇಗದ್ದು. ಅದರ ಆಘಾತಕ್ಕೆ ಉತ್ತರ ವಿಯೆಟ್ನಾಂ ಕರಾವಳಿಯಲ್ಲಿ ಅಮೆರಿಕ ಹುದುಗಿಸಿದ್ದ, ಕಾಂತೀಯ ಬದಲಾವಣೆಗೆ ಸ್ಪಂದಿಸುವ ಹಲವು ನೌಕಾ ಸಿಡಿಗುಂಡುಗಳು ತಾವಾಗಿಯೇ ಸಿಡಿದವು. ಆದರೂ ಆ ವೇಗಕ್ಕೆ ತಕ್ಕ ಮಹಾಬಿರುಗಾಳಿ ಭೂಕಾಂತದಲ್ಲಿ ಏಳಲಿಲ್ಲ, ಏಕೆಂದರೆ ಅದರ ಕಾಂತಕ್ಷೇತ್ರ ಬಹುತೇಕ ಉತ್ತರಕ್ಕೆ ತಿರುಗಿತ್ತು.

ಈ ದಿಕ್ಕನ್ನು ಮೊದಲೇ ಏಕೆ ತಿಳಿಯಲಾಗದು? ಸೂರ್ಯನ ಮೇಲ್ಮೈಯ ಕಾಂತಕ್ಷೇತ್ರವನ್ನು ದೂರದರ್ಶಕಗಳು ಪ್ರತಿದಿನ ಅಳೆಯುತ್ತವೆ, ಆದರೆ ಕರೋನಾದಲ್ಲಿ ಅದು ಬಹಳ ಕ್ಷೀಣ. ಹಾರುತ್ತಿರುವ ಸಿಎಂಇಯಿಂದ ಕರೋನಾಗ್ರಾಫಿಗೆ ದೊರೆಯುವುದು ಚದುರಿದ ಬೆಳಕು ಮಾತ್ರ; ಅದರಲ್ಲಿ ಕಾಂತಕ್ಷೇತ್ರದ ದಿಕ್ಕಿನ ಸುಳಿವಿರುವುದಿಲ್ಲ. ಸ್ಫೋಟಕ್ಕೆ ಮೊದಲಿದ್ದ ಪ್ಲಾಸ್ಮಾ ತಂತುವಿನ ಓರೆ ಮತ್ತು ಅದರ ಸುರುಳಿಯ ದಿಕ್ಕಿನಿಂದ ಊಹೆ ಮಾಡುವ ಪ್ರಯತ್ನಗಳು ನಡೆದಿವೆ. ಆದರೆ ದಾರಿಯಲ್ಲಿ ಸಿಎಂಇ ಹೊರಳುತ್ತದೆ, ವಿರೂಪಗೊಳ್ಳುತ್ತದೆ. ಭೂಮಿ ಅದರ ನಡುವನ್ನು ಹಾಯುವುದೋ ಅಂಚನ್ನೋ ಎಂಬುದರ ಮೇಲೂ ಪರಿಣಾಮ ಬದಲಾಗುತ್ತದೆ. ಖಚಿತ ಅಳತೆ ಸಿಗುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ಆಚೆ, ಇಬ್ಬರ ಸೆಳೆತವೂ ಸಮತೋಲನಗೊಳ್ಳುವ ಎಲ್1 ಬಿಂದುವಿನ ಬಳಿ ಕಾಯುತ್ತಿರುವ ಏಸ್‌ನಂಥ ನೌಕೆಗಳನ್ನು ಸಿಎಂಇ ಹಾದಾಗ, ಅಂದರೆ 15 ಕೋಟಿ ಕಿ.ಮೀ. ದಾರಿಯ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಗಿದಮೇಲೆ. ಸೆಕೆಂಡಿಗೆ 500 ಕಿ.ಮೀ. ವೇಗದಲ್ಲಿ ಬಂದರೆ ಅಲ್ಲಿಂದ ನಮಗೆ ಉಳಿಯುವುದು 50 ನಿಮಿಷ, 1000 ಕಿ.ಮೀ. ವೇಗವಾದರೆ 25 ನಿಮಿಷ.

ಯುರೋಪಿನ ಬಾಹ್ಯಾಕಾಶ ಸಂಸ್ಥೆ 2031ರ ಹೊತ್ತಿಗೆ ಉಡಾವಣೆ ಮಾಡಲು ಯೋಜಿಸಿರುವ ವಿಜಿಲ್ ನೌಕೆ ಸೂರ್ಯ–ಭೂಮಿ ರೇಖೆಯಿಂದ ದೂರದ, ಅಂಥದೇ ಮತ್ತೊಂದು ಸಮತೋಲನ ಬಿಂದುವಾದ ಎಲ್5ರಲ್ಲಿ ನಿಂತು ಸಿಎಂಇಗಳನ್ನು ಪಕ್ಕದಿಂದ ನೋಡಲಿದೆ. ದಿಕ್ಕು ಮತ್ತು ಸಮಯದ ಲೆಕ್ಕ ಅದರಿಂದ ಖಂಡಿತ ಸುಧಾರಿಸುತ್ತದೆ. ಕಾಂತಕ್ಷೇತ್ರದ ದಿಕ್ಕಿನ ಪ್ರಶ್ನೆ ಮಾತ್ರ ಅದರಿಂದ ನೇರವಾಗಿ ಬಗೆಹರಿಯುವುದಿಲ್ಲ. ಅದಕ್ಕೆ ಎಲ್1ಕ್ಕಿಂತ ಸೂರ್ಯನಿಗೆ ಹತ್ತಿರದಲ್ಲಿ, ಸಿಎಂಇ ಬರುವ ದಾರಿಯಲ್ಲೇ ಅಳತೆ ನಡೆಯಬೇಕು.

ಅಲ್ಲಿಯವರೆಗೆ ಮುನ್ಸೂಚನೆಯನ್ನು ಸಂಭವನೀಯತೆಯೆಂದೇ ಓದುವುದು ಸರಿ. ಅರೋರಾ ನಿರೀಕ್ಷಿಸುವವರು ದಿನಗಳ ಮುಂಚಿನ ಘೋಷಣೆಗಿಂತ ಎಲ್1 ನೌಕೆಗಳು ಕ್ಷಣಕ್ಷಣಕ್ಕೆ ಕಳಿಸುವ ಬಿಜೆಡ್ ಎಂಬ ಅಂಕಿಯನ್ನು ಗಮನಿಸುವುದು ಮೇಲು. ಅದು ಸೊನ್ನೆಗಿಂತ ಬಹಳ ಕೆಳಗಿಳಿದು ಗಂಟೆಗಟ್ಟಲೆ ಅಲ್ಲಿಯೇ ಉಳಿದರೆ ಕ್ಷೇತ್ರ ದಕ್ಷಿಣಕ್ಕಿದೆ ಎಂದರ್ಥ. ಆರಂಭದಲ್ಲಿ ಅದು ಉತ್ತರಕ್ಕಿದ್ದ ಮಾತ್ರಕ್ಕೆ ನಿರಾಶರಾಗಿ ಒಳಗೆ ಹೋಗಬೇಕಿಲ್ಲ: ಇಡೀ ಸಿಎಂಇ ಭೂಮಿಯನ್ನು ಹಾದುಹೋಗಲು ಒಂದು ದಿನದಷ್ಟು ಸಮಯ ಹಿಡಿಯಬಹುದು, ಮತ್ತು ಹುರಿಗೊಂಡ ಕ್ಷೇತ್ರವು ಅಷ್ಟರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಪೂರ್ತಿ ತಿರುಗಿಬಿಡುವುದು ಸಾಮಾನ್ಯ.