ದುಬೈಯಲ್ಲಿ ಡೈವೋರ್ಸ್ ಆಯ್ತು, ಊರಲ್ಲಿ ಆಯ್ತಾ?

ಯುಎಇಯಲ್ಲಿರುವ ನಮ್ಮವರಿಂದ ಈಗೀಗ ಜಾಸ್ತಿ ಬರುವ ಪ್ರಶ್ನೆ ಇದು: "ಸರ್, ಇಲ್ಲಿನ ಕೋರ್ಟಲ್ಲಿ ಡೈವೋರ್ಸ್ ಸಿಕ್ಕಿದೆ, ಊರಿಗೆ ಬಂದು ಇನ್ನೊಂದು ಮದುವೆ ಆಗಬಹುದಾ?" ನಾನು ಮೊದಲು ಕೇಳುವುದು ಆದೇಶದ ಪೂರ್ತಿ ಪ್ರತಿ. ಅದರಲ್ಲಿ ಹುಡುಕುವುದು ಒಂದೇ. ಎದುರು ಪಾರ್ಟಿ ಕೋರ್ಟಿಗೆ ಬಂದಿದ್ದರಾ, ಒಪ್ಪಿದ್ದರಾ?

ಅಲ್ಲಿನ ಕಾನೂನು ನಿಜಕ್ಕೂ ಸುಲಭ. ಮುಸ್ಲಿಮೇತರರಿಗಾಗಿ ಮಾಡಿದ 2022ರ 41ನೇ ಫೆಡರಲ್ ಕಾನೂನು 2023ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಅಬುಧಾಬಿಯಲ್ಲಿ 2021ರಲ್ಲೇ ಅದರದ್ದೇ ಕಾನೂನು ಬಂದಿತ್ತು. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಸಾಕು, ಕಾರಣ ಹೇಳಬೇಕಿಲ್ಲ, ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ, ರಾಜಿ ಮಾತುಕತೆಗೂ ಕಳಿಸುವುದಿಲ್ಲ, ಇನ್ನೊಬ್ಬರಿಗೆ ನೋಟಿಸ್ ಮುಟ್ಟಿದ ಮೇಲೆ ಮೊದಲ ವಿಚಾರಣೆಯಲ್ಲೇ ಆದೇಶ ಆಗಬಹುದು.

ತೊಡಕಿರುವುದು ನಮ್ಮ ಕಡೆ. ಉಡುಪಿಯಲ್ಲೋ ಹಾಸನದಲ್ಲೋ ಹಿಂದೂ ಪದ್ಧತಿಯಲ್ಲಿ ಮದುವೆಯಾದವರಿಗೆ ದುಬೈಗೆ ಹೋದರೂ 1955ರ ಹಿಂದೂ ವಿವಾಹ ಕಾಯ್ದೆ ತಪ್ಪುವುದಿಲ್ಲ. 'ಹೊಂದಾಣಿಕೆ ಆಗಲಿಲ್ಲ' ಅಂತ ಒಬ್ಬರು ಹೇಳಿದರೆ ಆ ಕಾಯ್ದೆಯಲ್ಲಿ ಡೈವೋರ್ಸ್ ಸಿಗುವುದಿಲ್ಲ. 1991ರ ವೈ. ನರಸಿಂಹ ರಾವ್ ಪ್ರಕರಣದಲ್ಲಿ, ಗಂಡ ಅಮೆರಿಕದ ಮಿಸೌರಿಯಲ್ಲಿ ತಂದ ಇಂಥದ್ದೇ ಡೈವೋರ್ಸನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಹೆಂಡತಿ ಅಲ್ಲಿಗೆ ಹೋಗಿರಲಿಲ್ಲ, ಒಪ್ಪಿರಲೂ ಇಲ್ಲ. ಹಾಗಾಗಿ ತವರಿನಲ್ಲಿ ಕೂತ ಹೆಣ್ಣುಮಗಳಿಗೆ ಒಂದು ನೋಟಿಸ್ ಕಳಿಸಿ, ಅವಳ ಮಾತು ಕೇಳದೆ ಪಡೆದ ಆದೇಶ ಇಲ್ಲಿ ನಿಲ್ಲುವುದು ಬಹಳ ಕಷ್ಟ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಯೇ ಅಸಿಂಧುವಾಗಬಹುದು, ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲೂ ಆಗಬಹುದು. ಹೊಸದಾಗಿ ಮನೆಗೆ ಬಂದವಳ ಗತಿ ಏನು, ಯೋಚಿಸಿ.

ಇಬ್ಬರಿಗೂ ಬೇರೆಯಾಗಬೇಕು ಅಂತಿದ್ದರೆ ದಾರಿ ಇದೆ. ಅಲ್ಲೇ ಹಾಕುವುದಾದರೆ ಇಬ್ಬರೂ ಹಾಜರಾಗಿ, ಒಪ್ಪಿಗೆ ಆದೇಶದಲ್ಲೇ ದಾಖಲಾಗುವಂತೆ ನೋಡಿಕೊಳ್ಳಿ. ಅದೇ 1991ರ ತೀರ್ಪು ಒಪ್ಪಿಗೆಯಿಂದ ಆದ ಡೈವೋರ್ಸಿಗೆ ವಿನಾಯಿತಿ ಕೊಟ್ಟಿದೆ. ನನ್ನನ್ನು ಕೇಳಿದರೆ ಊರಲ್ಲೇ 13ಬಿ ಅರ್ಜಿ, ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಪ್ರಕಾರ ಇಬ್ಬರೂ ಒಪ್ಪಿ ಡೈವೋರ್ಸ್ ಕೇಳುವ ಅರ್ಜಿ, ಹಾಕುವುದು ಇನ್ನೂ ಗಟ್ಟಿ. ಮದುವೆ ನಡೆದ ಊರಿನ ವ್ಯಾಪ್ತಿಯ ಫ್ಯಾಮಿಲಿ ಕೋರ್ಟ್ ಸಾಕು. ಒಂದು ವರ್ಷ ಬೇರೆ ಇದ್ದಿರಬೇಕು, ಆಮೇಲೆ ಆರು ತಿಂಗಳು ಕಾಯಬೇಕು. ಜೀವನಾಂಶ, ಮಕ್ಕಳ ವಿಷಯ ಎಲ್ಲ ಮೊದಲೇ ಇತ್ಯರ್ಥವಾಗಿ, ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಲು 2017ರ ಅಮರ್‌ದೀಪ್ ಸಿಂಗ್ ತೀರ್ಪು ಕೋರ್ಟಿಗೆ ಅವಕಾಶ ಕೊಟ್ಟಿದೆ. ರಜೆ ಸಿಗದಿದ್ದರೆ ವಿಡಿಯೊ ಮೂಲಕ ಹೇಳಿಕೆ ಕೊಡಲು ಕೋರ್ಟಿನ ಅನುಮತಿ ಕೇಳಬಹುದು. ಊರಲ್ಲಿರುವ ಅಣ್ಣನಿಗೋ ಅಪ್ಪನಿಗೋ ಜಿಪಿಎ (ನಿಮ್ಮ ಪರವಾಗಿ ನಡೆದುಕೊಳ್ಳಲು ಕೊಡುವ ಅಧಿಕಾರ ಪತ್ರ) ಕೊಡುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ದೃಢೀಕರಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ತುಂಬಾ ಜನ ಇದನ್ನು ಮರೆಯುತ್ತಾರೆ.

ಒಬ್ಬರೇ ಹೋಗಿ ಆದೇಶ ತಂದಾಗಿದೆಯಾ? ಇನ್ನೊಬ್ಬರು ಈಗ ಒಪ್ಪಿದರೆ 13ಬಿ ಹಾಕಿ. ಒಪ್ಪದಿದ್ದರೆ ನಿಮ್ಮ ವೈವಾಹಿಕ ಸ್ಥಿತಿ ಏನು ಅಂತ ಘೋಷಿಸಲು ಫ್ಯಾಮಿಲಿ ಕೋರ್ಟನ್ನೇ ಕೇಳಬೇಕು. ಛತ್ರ ಬುಕ್ ಮಾಡುವುದು ಅದರ ನಂತರ.